ಸಹಾಯ ಬೇಕು: ಮಾತೃ ವಂದನಾ ಎರಡನೇ ಕಂತು ಬಾರದ ತಾಯಂದಿರಿಗಾಗಿ

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಹೆರಿಗೆಯಾದ ಕೆಲವು ತಾಯಂದಿರ ಪರವಾಗಿ ಕೇಳುತ್ತಿದ್ದೇವೆ. ಗರ್ಭಿಣಿ-ಬಾಣಂತಿಯರಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಮೊದಲ ಕಂತು 3,000 ರೂ. ಬಂದಿದೆ, ಎರಡನೆಯದು 2,000 ರೂ. ಬಂದಿಲ್ಲ.

ಜನನ ನೋಂದಣಿ ಆಗಿದೆ. ಮಗುವಿನ 14ನೇ ವಾರದವರೆಗಿನ ಲಸಿಕೆಗಳು ತಾಯಿ ಕಾರ್ಡಿನಲ್ಲಿ ದಾಖಲಾಗಿವೆ. ಆದ್ದರಿಂದ "ದಾಖಲೆ ಸರಿಯಿದೆಯಾ ನೋಡಿ" ಎಂಬ ಉತ್ತರ ದಯವಿಟ್ಟು ಬೇಡ!

ಕೆಲವರದು ಬ್ಯಾಂಕಿನ ತೊಡಕು. ಖಾತೆಗೆ ಆಧಾರ್ ಜೋಡಿಸಿದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕೆಂಬ ನಮೂದು) ಕೂಡ ಆಗಿರಬೇಕು. ಮದುವೆಯಾದ ಮೇಲೆ ಹೊಸ ಖಾತೆ ತೆರೆದು ಅದಕ್ಕೆ ಮ್ಯಾಪಿಂಗ್ ಮಾಡಿಸಿದ್ದರೆ ದುಡ್ಡು ಅಲ್ಲಿಗೇ ಹೋಗುತ್ತದೆ. ಇವರು ಹಳೇ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾರೆ. ಇದನ್ನು ನಾವೇ ಬ್ಯಾಂಕಿನಲ್ಲಿ ಅರ್ಜಿ ಕೊಡಿಸಿ ಸರಿಪಡಿಸುತ್ತೇವೆ.

ನಿಜವಾದ ಗಂಟು ಬೇರೆ. ಹೆಸರು ನೋಂದಾಯಿಸಿದ್ದು ಗಂಡನ ಊರಿನ ಅಂಗನವಾಡಿಯಲ್ಲಿ, ಹೆರಿಗೆ ಮತ್ತು ಲಸಿಕೆ ತವರಿನಲ್ಲಿ. ಎರಡೂ ಕಡೆ "ಅಲ್ಲಿ ಕೇಳಿ" ಅನ್ನುತ್ತಾರೆ. ಹಸುಗೂಸನ್ನು ಎತ್ತಿಕೊಂಡು ಎಷ್ಟು ಸಲ ಓಡಾಡಲು ಸಾಧ್ಯ?

ನಮಗೆ ಬೇಕಿರುವುದು: ಇಂಥ ಅರ್ಜಿಯ ಲಸಿಕೆ ವಿವರವನ್ನು ತವರಿನ ಅಂಗನವಾಡಿಯಿಂದಲೇ ತುಂಬಿಸಿದವರು ಇದ್ದರೆ ಕ್ರಮ ತಿಳಿಸಿ. ಮೇಲ್ವಿಚಾರಕಿಯವರ ಹಂತದಲ್ಲಿ ಆಯಿತೇ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರೆದುಕೊಡಬೇಕಾಯಿತೇ? ಬರೆದುಕೊಟ್ಟಿದ್ದರೆ ಆ ಪತ್ರದ ನಮೂನೆ ಹಾಕಿ, ಹೆಸರು ಮತ್ತು ಆಧಾರ್ ಸಂಖ್ಯೆ ಅಳಿಸಿ.

ಅಂಗನವಾಡಿ ಅಕ್ಕಂದಿರು ಯಾರಾದರೂ ಗುಂಪಿನಲ್ಲಿದ್ದರೆ ನೀವೇ ಹೇಳಿ, ಉಳಿದವರ ಊಹೆಗಿಂತ ಅದು ಮೇಲು. ಇನ್ನೊಂದು: ಎರಡನೇ ಮಗು ಹೆಣ್ಣಾದರೆ ಸಿಗುವ 6,000 ರೂ. ಒಂದೇ ಕಂತಿನದು, ಅದರ ಪ್ರಶ್ನೆಯನ್ನು ಇಲ್ಲಿ ಬೆರೆಸಬೇಡಿ.