ಸಹಾಯ ಬೇಕು: ಟಿವಿ ಯೂನಿಟ್‌ಗೆ ಎಂಥ ಬಾಗಿಲು ಸೂಕ್ತ?

ಎಲ್ಲರಿಗೂ ನಮಸ್ಕಾರ. ನಮ್ಮ ನಡುಮನೆಯ 55 ಇಂಚಿನ ಟಿವಿಗೆ ಒಪ್ಪುವ, ನೋಡಲು ಅಂದವಾದ ಯೂನಿಟ್ ಒಂದನ್ನು ಮಾಡಿಸಬೇಕೆಂದಿದ್ದೇವೆ. ಟಿವಿಯ ಅಗಲವೇ ಸುಮಾರು 123 ಸೆಂ.ಮೀ. ಇರುವುದರಿಂದ 180 ಸೆಂ.ಮೀ. ಉದ್ದದ, ಸೋಫಾದಲ್ಲಿ ಕುಳಿತಾಗ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬರುವಷ್ಟು ತಗ್ಗಾದ ಯೂನಿಟ್ ಚೆಂದವೆಂಬುದು ನನ್ನ ಎಣಿಕೆ. ಹಳೆಯ ಕಪಾಟಿನ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ನೀರು ತಾಗಿ ಉಬ್ಬಿದ್ದನ್ನು ಕಂಡು ಬೇಸತ್ತಿರುವುದರಿಂದ ಈ ಬಾರಿ ಪ್ಲೈವುಡ್ ಎಂದು ನಿರ್ಧರಿಸಿದ್ದೇವೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಬಾಗಿಲಿನ ವಿಷಯ. ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮತ್ತು ವೈರುಗಳ ಗೋಜಲು ಕಣ್ಣಿಗೆ ಬೀಳಬಾರದು. ಆದರೆ ಮರದ ಬಾಗಿಲು ಮುಚ್ಚಿದರೆ ರಿಮೋಟಿನ ಇನ್‌ಫ್ರಾರೆಡ್ ಕಿರಣ ಒಳಗೆ ತಲುಪುವುದಿಲ್ಲ, ಬಿಸಿಗಾಳಿಯೂ ಹೊರಹೋಗದೆ ಉಪಕರಣಗಳು ಕಾಯುತ್ತವೆ. ನಡುವೆ ಸಂದು ಬಿಟ್ಟು ಪಟ್ಟಿ ಹೊಡೆದ ಬಾಗಿಲು ಇವೆರಡಕ್ಕೂ ಪರಿಹಾರವಾದೀತೇ, ಅದರಲ್ಲಿ ಧೂಳು ಎಷ್ಟು ಕೂರುತ್ತದೆ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ.