ಓದುಗರ ಸ್ಪಂದನ: ‘ಹಳೇ ಕೊಲೆ ಕೇಸು ನನ್ನ ನಿದ್ದೆ ಕೆಡಿಸಿದೆ’

ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಊರೊಂದರ ಇನ್‌ಸ್ಪೆಕ್ಟರ್ ತಮ್ಮ ಸಮಸ್ಯೆ ಬರೆದಿದ್ದರು. ಇಪ್ಪತ್ತು ವರ್ಷದ ಹಿಂದೆ ಕಾಫಿ ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಹೆಣ್ಣುಮಗಳೊಬ್ಬಳ ಕೊಲೆಯಾಗಿತ್ತು. ‘ಸಿ’ ರಿಪೋರ್ಟ್ ಹಾಕಿ ಫೈಲು ಮುಚ್ಚಿದ್ದಾರೆ. ಆಕೆಯ ತಾಯಿ ಈಗಲೂ ಸಂತೆ ದಿನ ಬಂದು ಠಾಣೆಯ ಬೆಂಚಿನ ಮೇಲೆ ಕೂತು ಹೋಗುತ್ತಾರೆ. ಇವರು ಫೈಲು ಮನೆಗೆ ತಂದು ರಾತ್ರಿಯಿಡೀ ಓದುತ್ತಾರೆ. ಹೆಂಡತಿ ಮಾತು ಬಿಟ್ಟಿದ್ದಾರೆ. ‘ಈ ಕೇಸು ಬಿಟ್ಟುಬಿಡಲೇ?’ ಎಂದು ಕೇಳಿದ್ದರು.

ಸಾರ್, ಮೊದಲು ಆ ಫೈಲು ವಾಪಸ್ ಠಾಣೆಯಲ್ಲಿಡಿ. ಒಂದು ಹಾಳೆ ಕಳೆದರೂ ನಿಮ್ಮ ತಲೆಗೇ ಬರುತ್ತದೆ. ‘ಸಿ’ ರಿಪೋರ್ಟ್ ಅಂದರೆ ಪತ್ತೆಯಾಗಿಲ್ಲ ಅಂತ, ಅಷ್ಟೇ. ಕೇಸೇ ಸುಳ್ಳು ಅನ್ನುವ ‘ಬಿ’ ರಿಪೋರ್ಟ್ ಹಾಕಿಲ್ಲ ಅಲ್ವಾ, ಅದೇ ಪುಣ್ಯ. ಇನ್ನು ಮುದ್ದೆಮಾಲು (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತು) ಎಲ್ಲಿದೆ ನೋಡಿ, ಠಾಣೆಯಲ್ಲೋ ಕೋರ್ಟಿನಲ್ಲೋ. ನಾನು ಹನ್ನೊಂದು ವರ್ಷ ಮುದ್ದೆಮಾಲು ಕೋಣೆ ನೋಡಿಕೊಂಡವನು. ರಕ್ತದ ಸೀರೆಯನ್ನು ಹಸಿಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿ ಅರಗು ಒತ್ತುತ್ತಿದ್ದರು. ಮಲೆನಾಡಿನ ಮಳೆಗಾಲ, ಕೇಳಬೇಕೇ? ಬಿಚ್ಚಿದರೆ ಬರೀ ಬೂಷ್ಟು. ಯಾರಾದರೂ ಪುಣ್ಯಾತ್ಮ ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿಟ್ಟಿದ್ದರೆ ಡಿಎನ್‌ಎ ಈಗಲೂ ಸಿಗಬಹುದು. ಆಸೆಗೆ ಬಿದ್ದು ನೀವೇ ಬಿಚ್ಚಬೇಡಿ. ಕೋರ್ಟಿಗೆ ತಿಳಿಸಿ, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಲ್ಯಾಬಿಗೆ ಕಳಿಸಿ.
– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಅರಸೀಕೆರೆ

ಕೊಲೆ ಕೇಸಿಗೆ ಕಾಲಮಿತಿ ಇಲ್ಲ. ಹೆಚ್ಚಿನ ತನಿಖೆಗೆ ಹಿಂದೆ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 173(8) ಇತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 193(9) ಇದೆ. ಕೊಲೆ ನಡೆದದ್ದು ಹೊಸ ಕಾನೂನುಗಳು ಜಾರಿಯಾದ 2024ರ ಜುಲೈ 1ಕ್ಕಿಂತ ಮೊದಲು, ಹಾಗಾಗಿ ಕೊಲೆಯ ಸೆಕ್ಷನ್ ಮಾತ್ರ ಹಳೆಯ ಭಾರತೀಯ ದಂಡ ಸಂಹಿತೆಯ 302ನೇ. ದಾರಿ ಇದೆ. ಮೇಲಧಿಕಾರಿಗೆ ಬರವಣಿಗೆಯಲ್ಲೇ ತಿಳಿಸಿ ಹೆಜ್ಜೆ ಇಡಿ.
– ವಕೀಲೆ, ಹಾಸನ

ನಾನು ಮೂವತ್ತು ವರ್ಷ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಪೊಲೀಸರು ಬಂದರೆ ಮೇಸ್ತ್ರಿಯನ್ನು ಕೇಳುತ್ತಾರೆ, ಸಾಹುಕಾರರನ್ನು ಕೇಳುತ್ತಾರೆ. ಚೆಕ್‌ರೋಲ್ ಕೇಳಿದವರನ್ನು ನಾನು ನೋಡಲಿಲ್ಲ. ದಿನದಿನದ ಹಾಜರಿ ಅದರಲ್ಲಿರುತ್ತದೆ. ಕೊಲೆಯಾದ ಮಾರನೇ ದಿನದಿಂದ ಯಾರ ಹೆಸರಿನ ಮುಂದೆ ಗೀಟು ಬಿದ್ದಿದೆ? ಬಟವಾಡೆ ತಗೊಳ್ಳದೆ ಹೋದವರು ಯಾರು? ಹಣ್ಣು ಕುಯ್ಯುವ ಕಾಲದಲ್ಲಿ ಹೊರಗಿನ ಆಳು ಜಾಸ್ತಿ, ಊರಿಗೆ ಹೋಗುವವರೂ ಇದ್ದೇ ಇರುತ್ತಾರೆ. ಆದರೆ ದುಡಿದ ಕೂಲಿ ಬಿಟ್ಟು ಸುಮ್ನೆ ಯಾರೂ ಹೋಗುವುದಿಲ್ಲ. ಹಳೇ ಪುಸ್ತಕಗಳನ್ನು ಬಂಗಲೆಯ ಅಟ್ಟಕ್ಕೆ ಎಸೆದಿರುತ್ತಾರೆ. ಗೆದ್ದಲು ತಿನ್ನುವ ಮುಂಚೆ ಹೋಗಿ.
– ಮೂಡಿಗೆರೆ ಓದುಗ

ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ನಮ್ಮ ಕಣದಿಂದ ಎರಡು ಮೂಟೆ ಮೆಣಸು ಹೋಯಿತು. ದೂರು ಕೊಟ್ಟರೆ ‘ನೋಡೋಣ’ ಅಂದರು. ಇಪ್ಪತ್ತು ವರ್ಷದ ಹಿಂದಿನದ್ದಕ್ಕೆ ಇಷ್ಟು ನಿದ್ದೆಗೆಡುವವರು ನಮ್ಮ ಕಡೆಗೂ ಒಬ್ಬರು ಬರಲಿ.
– ಬೇಲೂರು ರೈತ

ನನ್ನ ಯಜಮಾನರೂ ಪೊಲೀಸ್. ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದರು, ತುತ್ತು ಎತ್ತುತ್ತಿರಲಿಲ್ಲ. ಸಾರು ಆರಿ ಕೆನೆ ಕಟ್ಟುತ್ತಿತ್ತು. ಏನಾಯ್ತು ಅಂದರೆ ‘ನಿಂಗೆ ಗೊತ್ತಾಗಲ್ಲ’. ನಿಮ್ಮ ಮನೆಯವರು ಮಾತು ಬಿಟ್ಟಿದ್ದು ಕೋಪಕ್ಕಲ್ಲ, ಈ ಮಾತಿಗೆ ಹೆದರಿ ಇರಬಹುದು. ಕೇಸಿನ ವಿವರ ಬೇಡ, ಭಯ ಆಗ್ತಿದೆ ಅಂತ ಹೇಳಿ ನೋಡಿ. ಅದೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.
– ಗೃಹಿಣಿ, ಚಿಕ್ಕಮಗಳೂರು

ನಮ್ಮ ಅಣ್ಣನನ್ನು ಕೊಂದವರು ಸಿಗಲೇ ಇಲ್ಲ. ಬಂದ ಅಧಿಕಾರಿಗಳೆಲ್ಲ ‘ನಡೀತಾ ಇದೆ’ ಅನ್ನುತ್ತಿದ್ದರು. ಒಬ್ಬ ಎಸ್‌ಐ ಮಾತ್ರ ವರ್ಗವಾಗುವ ಮುಂಚೆ ಮನೆಗೆ ಬಂದರು. ಯಾರನ್ನು ವಿಚಾರಿಸಿದೆ, ಎಲ್ಲಿ ದಾರಿ ಮುಚ್ಚಿತು, ಎಲ್ಲ ಹೇಳಿದರು. ಅಮ್ಮ ಬಾಯಿಗೆ ಬಂದಂತೆ ಬೈದರು. ಆಮೇಲೆ ಅಕ್ಕಿರೊಟ್ಟಿ ತಟ್ಟಿ ಕೊಟ್ಟರು. ಅವರು ಎರಡು ತಿಂದೇ ಎದ್ದರು. ನಿಮ್ಮಲ್ಲಿಗೆ ಬರುವ ಆ ತಾಯಿಯನ್ನು ಈ ಸಂತೆ ದಿನ ಬೆಂಚಿನ ಮೇಲೆ ಬಿಡಬೇಡಿ. ಒಳಗೆ ಕರೆದು ಕುರ್ಚಿ ಹಾಕಿ. ಬೈದರೆ ಬೈಸಿಕೊಳ್ಳಿ.
– ಸಕಲೇಶಪುರ ಓದುಗಿ