ದೃಷ್ಟಿ ಸರಿಯಿದ್ದರೂ ಓದುವಾಗ ಸಾಲು ತಪ್ಪುವುದೇಕೆ?

ಪ್ರಶ್ನೆ (ತೀರ್ಥಹಳ್ಳಿಯ ತಾಯಿ):
ನಾಲ್ಕನೆಯ ತರಗತಿಯ ಮಗಳು ಅಡಿಕೆ ಮರದ ತುದಿಯ ಗೊನೆಗಳನ್ನು ಅಂಗಳದಿಂದಲೇ ಎಣಿಸುತ್ತಾಳೆ. ಆದರೆ ಓದಲು ಕುಳಿತರೆ ಬೆರಳಿಟ್ಟುಕೊಂಡರೂ ಸಾಲು ತಪ್ಪುತ್ತಾಳೆ, ಹತ್ತು ನಿಮಿಷಕ್ಕೆ ಹಣೆ ನೋಯುತ್ತದೆಂದು ಪುಸ್ತಕ ಮುಚ್ಚುತ್ತಾಳೆ. ತಪಾಸಣೆಯಲ್ಲಿ ದೃಷ್ಟಿ 6/6 ಬಂದಿದೆ. ವಿಷನ್ ಥೆರಪಿಯಿಂದ (ಕಣ್ಣಿನ ವ್ಯಾಯಾಮಗಳ ಚಿಕಿತ್ಸೆ) ಪ್ರಯೋಜನವಿದೆಯೇ?

ಉತ್ತರ (ಆಪ್ಟೊಮೆಟ್ರಿಸ್ಟ್, ಶಿವಮೊಗ್ಗ):
6/6 ಎಂಬುದು ದೂರದ ನೋಟದ ಲೆಕ್ಕ. ಹತ್ತಿರದ ಪುಟ ಓದಲು ಎರಡೂ ಕಣ್ಣುಗಳು ಒಳಮುಖವಾಗಿ ಒಂದೇ ಬಿಂದುವಿಗೆ ಹೊರಳಬೇಕು. ಈ ಶಕ್ತಿ ಸಾಲದಿದ್ದರೆ ಅಕ್ಷರ ಎರಡಾಗಿ ಕಾಣಬಹುದು, ತಲೆನೋವೂ ಬರಬಹುದು. ಇದಕ್ಕೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎನ್ನುತ್ತಾರೆ. ಇದಕ್ಕೆ ಮಾಡಿಸುವ ಅಭ್ಯಾಸಗಳಲ್ಲೊಂದು ಹೀಗಿದೆ: ಬಣ್ಣದ ಮಣಿ ಪೋಣಿಸಿದ ದಾರದ ಒಂದು ತುದಿಯನ್ನು ಮೂಗಿಗೆ ತಾಗಿಸಿ ಮಣಿಯನ್ನು ದಿಟ್ಟಿಸಿದಾಗ, ದಾರ ಎರಡಾಗಿ ಆ ಮಣಿಯಲ್ಲೇ ಕೂಡಿದಂತೆ ಕಾಣಬೇಕು, ಒಂದೇ ದಾರ ಕಂಡರೆ ಒಂದು ಕಣ್ಣು ಸುಮ್ಮನಾಗಿದೆ ಎಂದರ್ಥ. 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಚಿಕಿತ್ಸಾಲಯದಲ್ಲಿ 12 ವಾರ ಇಂಥ ಅಭ್ಯಾಸ ಮಾಡಿದವರಲ್ಲಿ ಶೇ. 73ರಷ್ಟು ಮಕ್ಕಳು ಸುಧಾರಿಸಿದರು.

ಉತ್ತರ (ಶಿಕ್ಷಕ, ಸಾಗರ):
ಒಂದು ಮಾತು ಸೇರಿಸುತ್ತೇನೆ. ಅದೇ ತೊಂದರೆಯಿದ್ದ ಮಕ್ಕಳ ಮೇಲೆ ನಡೆದ 2019ರ ಪ್ರಯೋಗದಲ್ಲಿ, ಇಂಥ ಅಭ್ಯಾಸ ಮಾಡಿದವರ ಓದಿ ಅರ್ಥ ಮಾಡಿಕೊಳ್ಳುವ ಸಾಮರ್ಥ್ಯವು ಹುಸಿ ಚಿಕಿತ್ಸೆ (ಹೋಲಿಕೆಗಾಗಿ ಕೊಡುವ ತೋರಿಕೆಯ ಚಿಕಿತ್ಸೆ) ಪಡೆದವರಿಗಿಂತ ಹೆಚ್ಚಲಿಲ್ಲ. ಡಿಸ್ಲೆಕ್ಸಿಯಾ (ಓದು ಕಲಿಯುವುದರಲ್ಲಿನ ತೊಂದರೆ) ಇದ್ದರೆ ಅಕ್ಷರ ಮತ್ತು ಧ್ವನಿಗಳ ಪಾಠವೇ ಬೇಕು. ಕಣ್ಣಿನ ವ್ಯಾಯಾಮದಿಂದ ಅದು ವಾಸಿಯಾಗುತ್ತದೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ತೀರ್ಥಹಳ್ಳಿಯ ತಾಯಿ:
ಧನ್ಯವಾದಗಳು. ಪೆನ್ಸಿಲನ್ನು ಮೂಗಿನ ಹತ್ತಿರ ತಂದು ನೋಡಿದೆ; ಒಂದು ಗೇಣು ದೂರವಿರುವಾಗಲೇ ಎರಡು ಕಾಣುತ್ತಿದೆ ಎಂದಳು. ಸೋಮವಾರ ಶಿವಮೊಗ್ಗಕ್ಕೆ ಕರೆತರುತ್ತೇನೆ.